ಗಾಳಿಯನ್ನು ಕೇಳಿ ಹೊರಡುವ ಪ್ರಯಾಣ

ಈಚಿನ ಕೆಲವು ವರ್ಷಗಳಲ್ಲಿ ಕಡಲ ಮೇಲೆ ಹೊಸದೊಂದು ಆಟ ಬಳಕೆಗೆ ಬಂದಿದೆ. ಅದರ ಹೆಸರು ವಿಂಗ್ ಫಾಯಿಲಿಂಗ್. ಆಡುವವನು ಗಿಡ್ಡನೆಯ ಹಲಗೆಯೊಂದರ ಮೇಲೆ ನಿಂತಿರುತ್ತಾನೆ. ಅವನ ಕೈಯಲ್ಲಿ ಗಾಳಿ ತುಂಬಿ ಬಿಗಿಮಾಡಿದ ಬಟ್ಟೆಯ ರೆಕ್ಕೆಯೊಂದಿರುತ್ತದೆ. ಅದನ್ನು ಹಲಗೆಗೆ ಕಟ್ಟಿರುವುದಿಲ್ಲ. ಬಿರುಗಾಳಿಯಲ್ಲಿ ಕೊಡೆಯನ್ನು ಹಿಡಿಯುವಂತೆ ಎರಡು ಕೈಗಳಿಂದಲೂ ಹಿಡಿದುಕೊಳ್ಳಬೇಕು. ಹಲಗೆಯ ಅಡಿಗೆ ಮುಕ್ಕಾಲು ಮೀಟರಿನಷ್ಟು ಉದ್ದದ ಕಂಬ; ಅದರ ತುದಿಗೆ, ನೀರಿನೊಳಗೆ, ವಿಮಾನದ ರೆಕ್ಕೆಯನ್ನು ಹೋಲುವ ಇನ್ನೊಂದು ಸಣ್ಣ ರೆಕ್ಕೆ. ಮೇಲಿನ ರೆಕ್ಕೆಯನ್ನು ಗಾಳಿ ಎಳೆದು ವೇಗ ಬಂದೊಡನೆ ಕೆಳಗಿನ ರೆಕ್ಕೆ ಹಲಗೆಯನ್ನು ನೀರಿನಿಂದ ಮೇಲಕ್ಕೆತ್ತುತ್ತದೆ. ಆಗ ಮನುಷ್ಯ ಅಲೆಗಳಿಗಿಂತ ಒಂದೆರಡು ಅಡಿ ಮೇಲೆ, ಹೆಚ್ಚು ಸದ್ದಿಲ್ಲದೆ, ತೇಲಿಕೊಂಡು ಹೋಗುತ್ತಾನೆ.

ಈ ಆಟಕ್ಕೆಂದೇ ರಜೆ ಹಾಕಿ, ಹಣ ಕೂಡಿಸಿ, ಉಷ್ಣವಲಯದ ದ್ವೀಪಗಳಿಗೆ ಹೋಗಿಬರುವವರು ಈಗ ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಹಳಗನ್ನಡದ ಪಾಠ ಹೇಳುವವನಿಗೆ ಇಂಥ ವಿನೋದದಲ್ಲಿ ಏನು ಕೆಲಸ ಎಂದು ಓದುಗರು ಕೇಳಬಹುದು. ಕೆಲಸವಿದೆ. ಅಂಥ ಪ್ರವಾಸವನ್ನು ಯೋಜಿಸುವವನು ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾಗುತ್ತದೆ. ಯಾವ ತಿಂಗಳಲ್ಲಿ ಹೋಗಬೇಕು? ಯಾವ ದಂಡೆಯಲ್ಲಿ ಇಳಿಯಬೇಕು? ಯಾವ ಸಲಕರಣೆ ಬೇಕು? ಆ ನೀರಿನಲ್ಲಿ ನಮಗಿಂತ ಮುಂಚೆ ಯಾರಿದ್ದಾರೆ? ಈ ನಾಲ್ಕೂ ಪ್ರಶ್ನೆಗಳು ಆಟಕ್ಕಿಂತ ಬಹಳ ಹಳೆಯವು. ಹಿಂದೂ ಮಹಾಸಾಗರದ ನಾವಿಕರು ಎರಡು ಸಾವಿರ ವರ್ಷಗಳಿಂದ ಇವುಗಳನ್ನೇ ಕೇಳಿಕೊಂಡು ಹಾಯಿ ಬಿಚ್ಚಿದ್ದಾರೆ. ಅವರಲ್ಲಿ ಯಾರು ಯಾವ ಪ್ರಶ್ನೆಯನ್ನು ಕೇಳಿದರು, ಯಾವುದನ್ನು ಕೇಳದೆ ಬಿಟ್ಟರು ಎಂಬುದರಲ್ಲಿಯೇ ಎಷ್ಟೋ ದ್ವೀಪಗಳ ಚರಿತ್ರೆ ಅಡಗಿದೆ. ಉದಾಹರಣೆಗೆ ಒಂದೇ ದ್ವೀಪವನ್ನು ತೆಗೆದುಕೊಳ್ಳೋಣ. ಆಫ್ರಿಕದ ಪೂರ್ವ ತೀರದಲ್ಲಿರುವ ಜಾಂಜಿಬಾರ್ ಈ ಆಟಕ್ಕೂ ಹೆಸರಾಗಿದೆ, ಚರಿತ್ರೆಗೂ ಹೆಸರಾಗಿದೆ.

ಜಾಂಜಿಬಾರ್ ಭೂಮಧ್ಯರೇಖೆಯಿಂದ ಸುಮಾರು 6 ಡಿಗ್ರಿ ದಕ್ಷಿಣಕ್ಕಿದೆ. ಅಲ್ಲಿಯವರು ಮುಖ್ಯ ದ್ವೀಪವನ್ನು ಉಂಗುಜ ಎಂದು ಕರೆಯುತ್ತಾರೆ. ಅದರ ಉದ್ದ ಸುಮಾರು 85 ಕಿಲೋಮೀಟರು. ಇಂದು ಅದು ತಾಂಜಾನಿಯ ದೇಶದ ಭಾಗ. ಅಲ್ಲಿ ವರ್ಷವನ್ನು ಅಳೆಯುವುದು ಗಾಳಿಯಿಂದ. ಡಿಸೆಂಬರ್ ನಡುವಿನಿಂದ ಮಾರ್ಚ್ ಮೊದಲವರೆಗೆ ಈಶಾನ್ಯದಿಂದ ಬೀಸುವ ಗಾಳಿಗೆ ಕಸ್ಕಾಜಿ ಎಂದು ಹೆಸರು. ಜೂನಿನಿಂದ ಸೆಪ್ಟೆಂಬರಿನವರೆಗೆ ಆಗ್ನೇಯದಿಂದ ಬೀಸುವುದು ಕುಸಿ. ನಮ್ಮ ‘ಕುಸಿ’ ಎಂಬ ಧಾತುವಿಗೂ ಇದಕ್ಕೂ ನಂಟಿಲ್ಲ; ಅಲ್ಲಿಯ ಕುಸಿ ಬಲವಾದ ಗಾಳಿ. ಸ್ವಾಹಿಲಿ ಭಾಷೆಯಲ್ಲಿ ಉತ್ತರ ದಿಕ್ಕಿಗೆ ಕಸ್ಕಾಜಿನಿ ಎಂದೂ ದಕ್ಷಿಣಕ್ಕೆ ಕುಸಿನಿ ಎಂದೂ ಹೇಳುತ್ತಾರೆ. ಗಾಳಿಯ ಹೆಸರೇ ದಿಕ್ಕಿನ ಹೆಸರೂ ಆಗಿದೆ. ಈ ಎರಡು ಗಾಳಿಗಳ ನಡುವೆ ಎರಡು ಮಳೆಗಾಲಗಳಿವೆ: ಮಾರ್ಚಿನಿಂದ ಮೇ ವರೆಗಿನ ದೊಡ್ಡ ಮಳೆ ಮಸಿಕ, ಅಕ್ಟೋಬರ್ ನವೆಂಬರಿನ ಸಣ್ಣ ಮಳೆ ವುಲಿ.

ಆದ್ದರಿಂದ ಮೊದಲನೆಯ ಪ್ರಶ್ನೆಗೆ ಉತ್ತರ ಸಿದ್ಧವಾಗಿಯೇ ಇದೆ. ವಿಂಗ್ ಫಾಯಿಲಿಗೆ 12ರಿಂದ 20 ನಾಟಿನ ಗಾಳಿ ಹಿತವಾದದ್ದು. ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರು. ಅಂಥ ಗಾಳಿ ದಿನದಿನವೂ ಸಿಕ್ಕಬೇಕಾದರೆ ಕುಸಿಯ ನಡುಗಾಲದಲ್ಲಿ, ಎಂದರೆ ಜುಲೈ ಆಗಸ್ಟಿನಲ್ಲಿ ಹೋಗಬೇಕು. ಇಲ್ಲವೇ ಜನವರಿ ಫೆಬ್ರವರಿಯಲ್ಲಿ ಕಸ್ಕಾಜಿಯನ್ನು ನಂಬಿ ಹೋಗಬೇಕು. ನಮ್ಮ ಮಕ್ಕಳ ಬೇಸಿಗೆಯ ರಜೆ ಬರುವ ಏಪ್ರಿಲ್ ಮೇ ತಿಂಗಳು ಅಲ್ಲಿ ಮಸಿಕದ ಕಾಲ. ಆಗ ಹೋದವನು ಹೋಟೆಲಿನ ಜಗುಲಿಯಲ್ಲಿ ಕುಳಿತು ಮಳೆ ಎಣಿಸಬೇಕಾದೀತು. ಶಾಲೆಯ ಪಂಚಾಂಗ ಬೇರೆ, ಗಾಳಿಯ ಪಂಚಾಂಗ ಬೇರೆ.

ಗಾಳಿಯ ಪಂಚಾಂಗವನ್ನು ತಿಳಿಯದೆ ಹೊರಟವರಿಗೆ ಏನಾಯಿತೆಂಬುದಕ್ಕೆ ವಾಸ್ಕೊ ಡ ಗಾಮನಿಗಿಂತ ದೊಡ್ಡ ಸಾಕ್ಷಿ ಬೇಡ. ಅವನು 1498ರ ಏಪ್ರಿಲ್ 24ರಂದು ಆಫ್ರಿಕ ತೀರದ ಮಲಿಂದಿಯಿಂದ ಹೊರಟ. ದಾರಿ ಬಲ್ಲ ನಾವಿಕನೊಬ್ಬನನ್ನು ಅಲ್ಲಿಯ ಅರಸ ಜೊತೆಗೆ ಕೊಟ್ಟಿದ್ದ. ಮುಂಗಾರಿನ ಗಾಳಿ ಆಗತಾನೆ ಏಳುತ್ತಿತ್ತು. ಒಂದು ತಿಂಗಳೂ ತುಂಬುವ ಮೊದಲೇ, ಮೇ 20ಕ್ಕೆ, ಹಡಗುಗಳು ಕಲ್ಲಿಕೋಟೆಯ ಬಳಿ ಲಂಗರು ಹಾಕಿದುವು. ಹಿಂದಿರುಗುವಾಗ ದಾರಿ ಬಲ್ಲವನ ಮಾತಿಗೆ ಕಾಯುವಷ್ಟು ತಾಳ್ಮೆಯಿರಲಿಲ್ಲ. ಕಾರವಾರದ ಹತ್ತಿರದ ಅಂಜದೀವ ದ್ವೀಪದಲ್ಲಿ ಹಡಗುಗಳನ್ನು ಸರಿಪಡಿಸಿಕೊಂಡು, ಈಶಾನ್ಯದ ಗಾಳಿ ನೆಲೆಗೊಳ್ಳುವ ಮೊದಲೇ, ಅಕ್ಟೋಬರ್ 5ರಂದು ಹೊರಟುಬಿಟ್ಟರು. ಗಾಳಿ ಒಮ್ಮೆ ಸತ್ತಿತು, ಒಮ್ಮೆ ಎದುರಾಯಿತು. ಆಫ್ರಿಕದ ತೀರ ಕಣ್ಣಿಗೆ ಬಿದ್ದದ್ದು 1499ರ ಜನವರಿ 2ಕ್ಕೆ. ಹೋಗುವಾಗ ನಾಲ್ಕು ವಾರ ಹಿಡಿದ ಕಡಲನ್ನು ದಾಟಲು ಬರುವಾಗ ಮೂರು ತಿಂಗಳು! ಹೊಸ ತರಕಾರಿ ಹಣ್ಣುಗಳಿಲ್ಲದೆ ಸ್ಕರ್ವಿ ರೋಗ ತಗಲಿ, ಒಸಡುಗಳು ಬಾತು, ಮೂವತ್ತು ಮಂದಿ ನಡುಗಡಲಲ್ಲಿ ಸತ್ತರು. ಹಡಗು ನಡೆಸಲು ಆಳು ಸಾಲದೆ ಒಂದು ಹಡಗನ್ನು ಮೊಂಬಾಸದ ಬಳಿ ತಾವೇ ಸುಟ್ಟರು. ಉಳಿದವರು ಜನವರಿಯ ಕೊನೆಯಲ್ಲಿ ಜಾಂಜಿಬಾರನ್ನು ಹಾದು ಹೋದರು. ಕರ್ನಾಟಕದ ಅಂಚಿನಿಂದ ಹೊರಟ ಈ ಪ್ರಯಾಣ ಒಂದೆರಡು ತಿಂಗಳು ತಡೆದು ಹೊರಟಿದ್ದರೆ ಅಷ್ಟು ಜನ ಬದುಕುತ್ತಿದ್ದರೋ ಏನೋ.

ಗಾಮನ ನಾವಿಕರಿಗೆ ಹೊಸದಾಗಿದ್ದ ಈ ವಿದ್ಯೆ ನಮ್ಮ ಕಡಲಿನವರಿಗೆ ಹಳೆಯದು. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ‘ಎರಿತ್ರಿಯನ್ ಸಮುದ್ರದ ಪೆರಿಪ್ಲಸ್’ ಎಂಬ ನಾವಿಕರ ಕೈಪಿಡಿಯಲ್ಲಿ ಈ ತೀರದ ವರ್ಣನೆಯಿದೆ. ಮೆನೂತಿಯಾಸ್ ಎಂಬ ದ್ವೀಪದ ಮಾತು ಅದರಲ್ಲಿ ಬರುತ್ತದೆ. ಅದು ಜಾಂಜಿಬಾರೇ ಇರಬಹುದು, ನೆರೆಯ ಪೆಂಬ ದ್ವೀಪವೂ ಇರಬಹುದು ಎಂದು ವಿದ್ವಾಂಸರು ಹೇಳುತ್ತಾರೆ. ಅಲ್ಲಿಯವರು ಹಲಗೆಗಳನ್ನು ಹೊಲಿದು ದೋಣಿ ಮಾಡುತ್ತಿದ್ದರಂತೆ. ಮೊಳೆಯಿಲ್ಲದೆ ತೆಂಗಿನ ನಾರಿನಿಂದ ಹೊಲಿದ ದೋಣಿಗಳು ನಮ್ಮ ಪಶ್ಚಿಮ ಕರಾವಳಿಯಲ್ಲಿಯೂ ಇದ್ದುವಷ್ಟೆ. ಸ್ವಾಹಿಲಿ ತೀರದಲ್ಲಿ ಅಂಥ ಹಡಗಿಗೆ ಮ್ಟೇಪೆ ಎಂಬ ಹೆಸರಿತ್ತು. ಅದರ ಹಾಯಿ ಚಾಪೆಯದು.

ಮಾನ್ಸೂನ್ ಎಂಬ ಮಾತನ್ನೇ ನೋಡಿ. ಅದರ ಮೂಲ ಅರಬ್ಬಿಯ ಮೌಸಿಮ್. ಋತು, ತಕ್ಕ ಕಾಲ ಎಂದು ಅರ್ಥ. ಮಳೆ ಎಂಬ ಅರ್ಥ ಅದಕ್ಕೆ ನಮ್ಮ ನಾಡಿನಲ್ಲಿ ಅಂಟಿಕೊಂಡದ್ದು. ಅರಬ್ಬಿ ನಾವಿಕನಿಗೆ ಅದು ಹಡಗು ಬಿಡುವ ಕಾಲ. ಡಿಸೆಂಬರಿನಲ್ಲಿ ಕಸ್ಕಾಜಿ ಎದ್ದಾಗ ಅರಬಸ್ತಾನ, ಇರಾನಿನ ಕೊಲ್ಲಿ, ಗುಜರಾತು, ಕಚ್ಚು ಮೊದಲಾದ ಕಡೆಗಳಿಂದ ಹಾಯಿಹಡಗುಗಳು ಖರ್ಜೂರ, ಬಟ್ಟೆ, ಮಣಿ ತುಂಬಿಕೊಂಡು ದಕ್ಷಿಣಕ್ಕೆ ಬರುತ್ತಿದ್ದುವು. ಏಪ್ರಿಲ್ ಸುಮಾರಿಗೆ ಗಾಳಿ ತಿರುಗಿದಾಗ ಆನೆದಂತ, ಲವಂಗ, ಕಾಂಡ್ಲ ಮರದ ತೊಲೆಗಳನ್ನು ಹೇರಿಕೊಂಡು ಹಿಂದಿರುಗುತ್ತಿದ್ದುವು. ಜೂನ್ ಜುಲೈ ತಿಂಗಳಲ್ಲಿ ಗಾಳಿಯ ರಭಸ ಅತಿಯಾಗಿ ನಮ್ಮ ಪಶ್ಚಿಮ ತೀರದ ಬಂದರುಗಳೆಲ್ಲ ಮುಚ್ಚುತ್ತಿದ್ದುವು. ಇಂದಿಗೂ ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಮೀನಿನ ಸಂತಾನ ಉಳಿಯಲೆಂದು ಮಾಡಿದ ನಿಯಮ ಅದು. ಆದರೂ ಹಳೆಯ ಗಾಳಿಯ ಪಂಚಾಂಗಕ್ಕೆ ಸರಿಯಾಗಿ ಹೊಂದುತ್ತದೆ.

ಗಾಳಿಯನ್ನು ನಂಬಿದವನು ಕಾಯುವುದನ್ನೂ ಕಲಿಯಬೇಕು. ಬಂದ ಹಡಗಿಗೆ ಗಾಳಿ ತಿರುಗುವವರೆಗೂ ಬಿಡುಗಡೆಯಿಲ್ಲ. ತಿಂಗಳುಗಟ್ಟಲೆ ಪರದೇಶದ ದಂಡೆಯಲ್ಲಿ ಕುಳಿತ ವರ್ತಕರು ಅಲ್ಲಿ ಮನೆ ಮಾಡಿದರು, ಮದುವೆಯಾದರು, ಮಾತು ಕಲಿತರು. ಅರಬ್ಬಿ ನಾವಿಕರು ಆ ತೀರದವರೊಡನೆ ಹೆಣ್ಣು ಗಂಡು ಕೊಟ್ಟು ತಂದು ಅಲ್ಲಿಯ ಭಾಷೆ ಬಲ್ಲವರಾಗಿದ್ದರೆಂದು ಪೆರಿಪ್ಲಸ್ ಗ್ರಂಥವೇ ಹೇಳುತ್ತದೆ. ಜಾಂಜಿಬಾರಿನ ದಕ್ಷಿಣದ ಕಿಜಿಮ್ಕಾಜಿ ಎಂಬ ಹಳ್ಳಿಯ ಮಸೀದಿಯಲ್ಲಿ ಕ್ರಿ.ಶ. 1107ರ ಅರಬ್ಬಿ ಶಾಸನವಿದೆ. ಸ್ವಾಹಿಲಿ ಎಂಬ ಹೆಸರು ಬಂದದ್ದು ‘ತೀರಗಳು’ ಎಂಬರ್ಥದ ಅರಬ್ಬಿ ಮಾತಿನಿಂದ. ಆ ಭಾಷೆಯ ವ್ಯಾಕರಣ ಆಫ್ರಿಕದ ಬಾಂಟು ಕುಲದ್ದು. ಶಬ್ದಭಂಡಾರದಲ್ಲಿ ಅರಬ್ಬಿಯ ಪಾಲು ಬಹಳ. ಕನ್ನಡ ತನ್ನ ಪ್ರತ್ಯಯಗಳನ್ನು ಉಳಿಸಿಕೊಂಡು ಸಂಸ್ಕೃತದ ಶಬ್ದಗಳನ್ನು ತುಂಬಿಕೊಳ್ಳಲಿಲ್ಲವೆ? ಹಾಗೆಯೇ ಇದೂ. ನಮ್ಮ ದೇಶದಿಂದ ಹೋದ ಮಾತುಗಳೂ ಅದರಲ್ಲಿವೆ. ಗಾಡಿಗೆ ಅಲ್ಲಿ ‘ಗಾರಿ’, ಲಕ್ಷಕ್ಕೆ ‘ಲಾಕಿ’, ವಿಮೆಗೆ ‘ಬೀಮ’, ಚಪಾತಿಗೆ ಚಪಾತಿಯೇ.

ರಜೆಯನ್ನು ಯೋಜಿಸುವವನಿಗೂ ಇದರಲ್ಲಿ ಒಂದು ಬುದ್ಧಿಮಾತಿದೆ. ಹತ್ತು ದಿನ ಹೋದರೆ ಹತ್ತೂ ದಿನ ಗಾಳಿ ಬೀಸಲೇಬೇಕೆಂದು ಹಟ ಹಿಡಿಯಬಾರದು. ಗಾಳಿಯಿಲ್ಲದ ದಿನಗಳಿಗೆಂದು ಎರಡು ಮೂರು ದಿನಗಳನ್ನು ಮೊದಲೇ ತೆಗೆದಿಡಬೇಕು. ಅಂಥ ದಿನ ಕಿಜಿಮ್ಕಾಜಿಯ ಮಸೀದಿಯನ್ನು ನೋಡಬಹುದು. 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಳೆಯ ಪೇಟೆಯಲ್ಲಿ, ಕೆತ್ತನೆಯ ಬಾಗಿಲುಗಳ ನಡುವಿನ ಓಣಿಗಳಲ್ಲಿ ಅಲೆಯಬಹುದು. ಆ ಪೇಟೆಗೆ ಕಲ್ಲಿನ ಊರು ಎಂಬ ಅರ್ಥದ ಸ್ಟೋನ್ ಟೌನ್ ಎಂದು ಹೆಸರು. ಸಮುದ್ರದ ಎದುರಿಗೆ ಒಮಾನಿನ ಅರಬ್ಬರು ಕಟ್ಟಿದ ಕೋಟೆಯಿದೆ. 1698ರಲ್ಲಿ ಮೊಂಬಾಸದ ಕೋಟೆಯನ್ನು ಪೋರ್ತುಗೀಸರಿಂದ ಗೆದ್ದ ಮೇಲೆ ಈ ತೀರದಲ್ಲಿ ಅವರದೇ ಮೇಲುಗೈಯಾಯಿತು. 1840ರ ಸುಮಾರಿಗೆ ಒಮಾನಿನ ಸುಲ್ತಾನ ಸಯ್ಯದ್ ಸಯೀದ್ ತನ್ನ ಆಸ್ಥಾನವನ್ನೇ ಮಸ್ಕತ್ತಿನಿಂದ ಜಾಂಜಿಬಾರಿಗೆ ತಂದ. ಅರಸನೊಬ್ಬ ರಾಜಧಾನಿಯನ್ನು ಕಡಲಾಚೆಗೆ ಸಾಗಿಸಿದನೆಂದರೆ ಆ ದ್ವೀಪದಲ್ಲಿ ಎಷ್ಟು ಲಾಭವಿದ್ದಿರಬೇಕು!

ಲಾಭ ಎರಡು ವಸ್ತುಗಳಿಂದ ಬರುತ್ತಿತ್ತು. ಒಂದು, ಲವಂಗ. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಅಲ್ಲಿಗೆ ಬಂದ ಈ ಗಿಡ ಕೆಲವೇ ದಶಕಗಳಲ್ಲಿ ದ್ವೀಪವನ್ನೆಲ್ಲ ತುಂಬಿತು. ಇನ್ನೊಂದು, ಮನುಷ್ಯರು. ಒಳನಾಡಿನಿಂದ ಹಿಡಿದು ತಂದ ಆಫ್ರಿಕದ ಜನರನ್ನು ಜಾಂಜಿಬಾರಿನ ಸಂತೆಯಲ್ಲಿ ಮಾರುತ್ತಿದ್ದರು. ಕೆಲವರು ಲವಂಗದ ತೋಟಗಳಿಗೆ ಹೋಗುತ್ತಿದ್ದರು. ಕೆಲವರನ್ನು ಕುಸಿ ಗಾಳಿಗೆ ಹಾಯಿ ಬಿಚ್ಚಿ ಉತ್ತರಕ್ಕೆ ಸಾಗಿಸುತ್ತಿದ್ದರು. ಚಪಾತಿಯ ಹೆಸರನ್ನೂ ಮಸೀದಿಯ ಶಾಸನವನ್ನೂ ಆ ದ್ವೀಪಕ್ಕೆ ತಂದ ಗಾಳಿಗಳೇ ಈ ಹಡಗುಗಳನ್ನೂ ನೂಕಿದುವು. ಗಾಳಿಗೆ ಪಾಪಪುಣ್ಯಗಳಿಲ್ಲ. ಅದರ ಮುಂದೆ ಏನನ್ನು ಹೇರಿಕೊಂಡು ಹೋದರು ಎಂಬುದಕ್ಕೆ ಮನುಷ್ಯನೇ ಹೊಣೆ.

ಈ ವ್ಯಾಪಾರವನ್ನು ನಿಲ್ಲಿಸಬೇಕೆಂದು ಇಂಗ್ಲಿಷ್ ಸರ್ಕಾರ ಕಳುಹಿಸಿದ ಸರ್ ಬಾರ್ಟಲ್ ಫ್ರೇರ್ ಎಂಬವನು 1873ರಲ್ಲಿ ಸುಲ್ತಾನ ಬರ್ಘಷನಲ್ಲಿಗೆ ಬಂದ. ಧಾರವಾಡ ಬೆಳಗಾವಿಗಳು ಸೇರಿದ್ದ ಮುಂಬಯಿ ಪ್ರಾಂತಕ್ಕೆ ಅವನು ಹಿಂದೆ ಗವರ್ನರನಾಗಿದ್ದವನು. ಅವನ ಮಾತಿಗೆ ಸುಲ್ತಾನ ಒಪ್ಪಲಿಲ್ಲ. ಆ ಮುಂಚಿನ ವರ್ಷ, 1872ರ ಏಪ್ರಿಲಿನಲ್ಲಿ, ಅಪರೂಪದ ಚಂಡಮಾರುತವೊಂದು ಉಂಗುಜದ ಲವಂಗದ ಮರಗಳಲ್ಲಿ ಬಹುಪಾಲನ್ನು ಬುಡಮೇಲು ಮಾಡಿತ್ತು. ತೋಟಗಳನ್ನು ಮತ್ತೆ ಎಬ್ಬಿಸಲು ಆಳುಗಳು ಬೇಕೆಂಬುದು ತೋಟದೊಡೆಯರ ವಾದ. ಕೊನೆಗೆ ಹಡಗುಪಡೆಯಿಂದ ಬಂದರನ್ನು ಮುತ್ತುವ ಬೆದರಿಕೆ ಬಂದಾಗ, ಅಲ್ಲಿಯ ಇಂಗ್ಲಿಷ್ ಪ್ರತಿನಿಧಿ ಜಾನ್ ಕರ್ಕನ ಮುಂದೆ, 1873ರ ಜೂನಿನಲ್ಲಿ ಸುಲ್ತಾನ ಒಪ್ಪಂದಕ್ಕೆ ರುಜು ಹಾಕಿದ. ಸಂತೆ ಮುಚ್ಚಿತು. ಸಂತೆಯಿದ್ದ ಜಾಗದಲ್ಲಿ ಇಂದು ಒಂದು ಇಗರ್ಜಿ ನಿಂತಿದೆ. ದ್ವೀಪದೊಳಗೆ ಆಳುತನಕ್ಕೆ ಕಾನೂನಿನ ಮಾನ್ಯತೆ ತಪ್ಪಿದ್ದು ಇನ್ನೂ ತಡವಾಗಿ, 1897ರಲ್ಲಿ.

ಇದು ದೂರದ ಮಾತೆಂದು ನಾವು ಪಕ್ಕಕ್ಕಿಡುವಂತಿಲ್ಲ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡು, ಅಂಕೋಲೆಯ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿ ಜನರಿದ್ದಾರೆ. ಅವರ ಹಿರಿಯರು ಆಫ್ರಿಕದಿಂದ ಬಂದವರು. ಅವರಲ್ಲಿ ಬಹುಮಂದಿಯನ್ನು ಪೋರ್ತುಗೀಸರ ಗೋವೆಗೆ ಆಳುಗಳಾಗಿ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರೂ ಬಿಡುಗಡೆಯಾದವರೂ ಘಟ್ಟದ ಕಾಡು ಸೇರಿದರು. ಇಂದು ಅವರು ಕನ್ನಡ ಕೊಂಕಣಿಗಳನ್ನಾಡುವ ನಮ್ಮ ನಾಡಿನ ಮಕ್ಕಳು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು. ಅವರ ಹಿರಿಯರನ್ನು ತಂದದ್ದೂ ಈ ಕಡಲಿನ ಋತುಗಾಳಿಯೇ. ಆ ಪ್ರಯಾಣದ ತಿಂಗಳನ್ನಾಗಲಿ ದಂಡೆಯನ್ನಾಗಲಿ ಆರಿಸಿಕೊಂಡವರು ಅವರಲ್ಲ. ರಜೆಗೆಂದು ದಿನ ನೋಡಿ, ಗಾಳಿ ನೋಡಿ ಹೊರಡುವ ಭಾಗ್ಯ ಎಷ್ಟು ಹೊಸದೆಂಬುದನ್ನು ನೆನೆಯುವುದು ಒಳ್ಳೆಯದು.

ಎರಡನೆಯ ಪ್ರಶ್ನೆ ದಂಡೆಯದು. ಜಾಂಜಿಬಾರಿನ ಹಳೆಯ ಬಂದರು ಇರುವುದು ಪಶ್ಚಿಮದಲ್ಲಿ, ಗಾಳಿಯ ಮರೆಯಲ್ಲಿ. ಹಡಗಿಗೆ ಮರೆ ಬೇಕು. ಆಟಕ್ಕೆ ಗಾಳಿ ಬೇಕು. ಆದ್ದರಿಂದ ವಿಂಗ್ ಫಾಯಿಲಿನವರು ಹೋಗುವುದು ಪೂರ್ವ ತೀರದ ಪಾಜೆ, ಜಂಬಿಯಾನಿ ಎಂಬ ಹಳ್ಳಿಗಳಿಗೆ. ಅಲ್ಲಿ ಕಡಲಿಗೆ ಮುಖಮಾಡಿ ನಿಂತರೆ ಕುಸಿ ಬಲಗಡೆಯಿಂದಲೂ ಕಸ್ಕಾಜಿ ಎಡಗಡೆಯಿಂದಲೂ ಓರೆಯಾಗಿ ದಂಡೆಯತ್ತ ಬೀಸುತ್ತದೆ. ಕಲಿಯುವವನು ಬಿದ್ದರೂ ಗಾಳಿ ಅವನನ್ನು ದಡದ ಕಡೆಗೇ ತಳ್ಳುತ್ತದೆ. ದೂರದಲ್ಲಿ ಹವಳದ ದಿಬ್ಬವೊಂದು ಗೋಡೆಯಂತೆ ಅಡ್ಡವಿದ್ದು ದೊಡ್ಡ ಅಲೆಗಳನ್ನು ಅಲ್ಲಿಯೇ ಒಡೆಯುತ್ತದೆ. ಗೋಡೆಯ ಒಳಗಿನ ನೀರು ಕೆರೆಯಂತೆ ಸಮ.

ಆದರೆ ಆ ನೀರು ಸದಾ ಇರುವುದಿಲ್ಲ. ಉಬ್ಬರ ಇಳಿತಗಳ ಅಂತರ ದೊಡ್ಡದಾದ ದಿನಗಳಲ್ಲಿ ಸುಮಾರು 4 ಮೀಟರಿನವರೆಗೂ ಹೋಗುತ್ತದೆ. ಇಳಿತದ ವೇಳೆಗೆ ಕಡಲು ಬಹುದೂರ ಹಿಂದೆ ಸರಿದು ಮರಳು ತೇಲುತ್ತದೆ. ಮುಕ್ಕಾಲು ಮೀಟರು ಕೆಳಗೆ ರೆಕ್ಕೆಯಿರುವ ಹಲಗೆಯನ್ನು ಮೊಣಕಾಲುದ್ದದ ನೀರಿನಲ್ಲಿ ಓಡಿಸಿದರೆ ರೆಕ್ಕೆ ಹವಳಕ್ಕೆ ಬಡಿದು ಆಡುವವನು ಮುಗ್ಗರಿಸುವುದು ಖಂಡಿತ. ಇದಕ್ಕೆ ಬೇಕಾದ ಲೆಕ್ಕ ನಮ್ಮ ಗೋಡೆಯ ಮೇಲಿನ ಪಂಚಾಂಗದಲ್ಲಿಯೇ ಇದೆ. ಹುಣ್ಣಿಮೆ ಅಮಾವಾಸ್ಯೆಗಳ ಸುತ್ತಿನ ದಿನಗಳಲ್ಲಿ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿಯ ಸುತ್ತಿನಲ್ಲಿ ಎರಡೂ ಸಣ್ಣವು. ಉಬ್ಬರ ದಿನಕ್ಕೆ ಎರಡು ಸಲ ಬರುತ್ತದೆ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಹೋಗುವ ವಾರದ ತಿಥಿಗಳನ್ನೂ ಆ ಊರಿನ ಉಬ್ಬರದ ಪಟ್ಟಿಯನ್ನೂ ಕೂಡಿಸಿ ನೋಡಿದವನಿಗೆ ಯಾವ ದಿನ ಎಷ್ಟು ಹೊತ್ತು ನೀರು ಸಿಕ್ಕುವುದೆಂಬುದು ಮನೆಯಲ್ಲಿಯೇ ತಿಳಿಯುತ್ತದೆ.

ಮೂರನೆಯ ಪ್ರಶ್ನೆ ಸಲಕರಣೆಯದು. ನೀರಿನೊಳಗಿನ ರೆಕ್ಕೆ ನಿನ್ನೆ ಮೊನ್ನೆಯದಲ್ಲ. ಇಟಲಿಯ ಎನ್ರಿಕೊ ಫೊರ್ಲಾನಿನಿ 1906ರಲ್ಲಿ ಮಜೋರೆ ಸರೋವರದಲ್ಲಿ ಅಂಥ ರೆಕ್ಕೆಗಳ ದೋಣಿಯನ್ನು ಗಂಟೆಗೆ ಸುಮಾರು 68 ಕಿಲೋಮೀಟರ್ ವೇಗದಲ್ಲಿ ಓಡಿಸಿದ. ಟೆಲಿಫೋನಿನಿಂದ ಹೆಸರಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಮತ್ತು ಅವನ ಜೊತೆಗಾರ ಬಾಲ್ಡ್ವಿನ್ ಕೆನಡದಲ್ಲಿ ಕಟ್ಟಿದ ದೋಣಿ 1919ರ ಸೆಪ್ಟೆಂಬರ್ 9ರಂದು ಗಂಟೆಗೆ 114 ಕಿಲೋಮೀಟರ್ ಮುಟ್ಟಿ ಆ ಕಾಲದ ದಾಖಲೆಯಾಯಿತು. ಇದರ ಗುಟ್ಟು ಸರಳ. ನೀರು ಗಾಳಿಗಿಂತ ಸುಮಾರು 800 ಪಾಲು ಸಾಂದ್ರವಾದದ್ದು. ವಿಮಾನವನ್ನೆತ್ತಲು ದೊಡ್ಡ ರೆಕ್ಕೆಗಳು ಬೇಕಾದರೆ, ನೀರಿನಲ್ಲಿ ಮನುಷ್ಯನನ್ನೆತ್ತಲು ಮೊರದಷ್ಟು ಅಗಲದ ರೆಕ್ಕೆ ಸಾಕು.

ಮೇಲಿನ ರೆಕ್ಕೆಯ ಕಥೆ ಹಾಯಿಯ ಕಥೆ. ಸಾವಿರಾರು ವರ್ಷ ಹಾಯಿಯನ್ನು ಕೂವೆಮರಕ್ಕೂ ಕೂವೆಮರವನ್ನು ಹಡಗಿಗೂ ಬಿಗಿದಿದ್ದರು. 1960ರ ದಶಕದಲ್ಲಿ ಅಮೆರಿಕದಲ್ಲಿ ಈ ಕಟ್ಟು ಮೊದಲು ಸಡಿಲವಾಯಿತು. ನ್ಯೂಮನ್ ಡಾರ್ಬಿ, ಅವನ ಬಳಿಕ ಜಿಮ್ ಡ್ರೇಕ್ ಮತ್ತು ಹಾಯಿಲ್ ಶ್ವೈಟ್ಜರ್ ಎಂಬವರು ಹಲಗೆಯ ಮೇಲೆ ಎತ್ತಲಾದರೂ ಬಾಗುವ ಕೂವೆಯನ್ನು ನಿಲ್ಲಿಸಿದರು. ವಿಂಡ್ ಸರ್ಫಿಂಗ್ ಎಂದು ಹೆಸರಾದ ಆ ಆಟ 1984ರಲ್ಲಿ ಒಲಿಂಪಿಕ್ಸಿಗೆ ಸೇರಿತು. ಅದೇ 1984ರಲ್ಲಿ ಫ್ರಾನ್ಸಿನ ಲೆಗೆನ್ಯು ಸೋದರರು ಗಾಳಿ ತುಂಬುವ, ನೀರಿಗೆ ಬಿದ್ದರೂ ಮತ್ತೆ ಏಳುವ ಗಾಳಿಪಟಕ್ಕೆ ಹಕ್ಕುಪತ್ರ ಬೇಡಿದರು. ಈ ಶತಮಾನದಲ್ಲಿ ಹವಾಯಿ ದ್ವೀಪಗಳಲ್ಲಿ ಅಲೆಸವಾರರು ಹಲಗೆಯ ಅಡಿಗೆ ಫಾಯಿಲನ್ನು ಜೋಡಿಸಿದರು. 2019ರ ವೇಳೆಗೆ ಕೈಯಲ್ಲಿ ಹಿಡಿಯುವ ಗಾಳಿತುಂಬಿದ ರೆಕ್ಕೆಗಳು ಅಂಗಡಿಗಳಿಗೆ ಬಂದುವು. ಇದರಲ್ಲಿ ಕೂವೆಮರವೂ ಇಲ್ಲ, ಹಗ್ಗವೂ ಇಲ್ಲ, ಮನುಷ್ಯನೇ ಕೂವೆಮರ. ತೆಂಗಿನ ನಾರಿನಿಂದ ಹೊಲಿದ ಮ್ಟೇಪೆಯ ಚಾಪೆಹಾಯಿಯಿಂದ ಇಲ್ಲಿಗೆ ಬಹಳ ದೂರ. ಆದರೆ ಎರಡಕ್ಕೂ ಯಜಮಾನ ಒಬ್ಬನೇ, ಗಾಳಿ.

ಹೊರಡುವವರಿಗೆ ಇಷ್ಟು ನೆನಪಿರಲಿ. ನಡುತರದ ಗಾಳಿಗೆ 5 ಚದರ ಮೀಟರಿನ ಆಸುಪಾಸಿನ ರೆಕ್ಕೆ ಬೇಕಾಗುತ್ತದೆ. ಮೈತೂಕ ಹೆಚ್ಚಿದಷ್ಟೂ, ಗಾಳಿ ಕುಂದಿದಷ್ಟೂ ದೊಡ್ಡದು ಬೇಕು. ಹೊಸಬರು ಕೊಳ್ಳುವುದಕ್ಕಿಂತ ಅಲ್ಲಿಯೇ ಬಾಡಿಗೆಗೆ ಪಡೆದು, ಕಲಿಸುವವರ ಕೈಕೆಳಗೆ ಕಲಿಯುವುದು ಮೇಲು. ಈಜು ಬಾರದವರು ಮೊದಲು ಈಜು ಕಲಿಯಬೇಕು. ತಲೆಗೆ ಗಟ್ಟಿ ಟೋಪಿ, ಮೈಗೆ ತೇಲುವ ಅಂಗಿ, ಕಾಲಿಗೆ ರಬ್ಬರಿನ ಪಾದರಕ್ಷೆ ಇರಲೇಬೇಕು. ಹವಳದ ತಳದಲ್ಲಿ ಮುಳ್ಳಿನ ಕಡಲಜೀವಿಗಳಿವೆ. ಮಲೇರಿಯಾ ಇರುವ ನಾಡಾದ್ದರಿಂದ ವೈದ್ಯರನ್ನು ಕೇಳಿ ಹೊರಡಬೇಕು. ಅಲ್ಲಿಯ ಜನ ಹೆಚ್ಚಾಗಿ ಮುಸಲ್ಮಾನರು. ಈಜುಡುಗೆ ದಂಡೆಗೆ ಸರಿ, ಹಳ್ಳಿಯ ಬೀದಿಗೆ ಮೈಮುಚ್ಚುವ ಉಡುಪೇ ಮರ್ಯಾದೆ.

ಉಳಿದದ್ದು ನಾಲ್ಕನೆಯ ಪ್ರಶ್ನೆ: ಆ ನೀರಿನಲ್ಲಿ ನಮಗಿಂತ ಮುಂಚೆ ಯಾರಿದ್ದಾರೆ? ಪಾಜೆ ಜಂಬಿಯಾನಿಗಳ ತಿಳಿನೀರು ಬರಿದಾದದ್ದಲ್ಲ. 1989ರಲ್ಲಿ ಅಲ್ಲಿ ಕಡಲಪಾಚಿಯ ಬೇಸಾಯ ತೊಡಗಿತು. ಇಳಿತದ ವೇಳೆಗೆ ಹಳ್ಳಿಯ ಹೆಂಗಸರು ಮೊಣಕಾಲುದ್ದದ ನೀರಿಗಿಳಿದು, ಮರಳಿನಲ್ಲಿ ಗೂಟ ನೆಟ್ಟು, ಗೂಟದಿಂದ ಗೂಟಕ್ಕೆ ಹಗ್ಗ ಎಳೆದು, ಹಗ್ಗಕ್ಕೆ ಪಾಚಿಯ ಸಣ್ಣ ತುಂಡುಗಳನ್ನು ಕಟ್ಟುತ್ತಾರೆ. ಅದು ಬೆಳೆದ ಮೇಲೆ ಕೊಯ್ದು ಒಣಗಿಸಿ ಮಾರುತ್ತಾರೆ. ಅದರಿಂದ ತೆಗೆದ ಅಂಟನ್ನು ಐಸ್‌ಕ್ರೀಮಿನಲ್ಲಿಯೂ ಹಲ್ಲುಜ್ಜುವ ಪೇಸ್ಟಿನಲ್ಲಿಯೂ ಬಳಸುತ್ತಾರೆ. ಈ ಬೇಸಾಯ ಮಾಡುವವರಲ್ಲಿ ಬಹುಮಂದಿ ಹೆಂಗಸರೇ. ಎಷ್ಟೋ ಮನೆಗಳಲ್ಲಿ ಹೆಂಗಸಿನ ಕೈಗೆ ಸ್ವಂತದ ಹಣ ಮೊದಲು ಬಂದದ್ದು ಇದರಿಂದ. ಈಚೆಗೆ ಕಡಲ ನೀರು ಬೆಚ್ಚಗಾಗುತ್ತಿರುವುದರಿಂದ ಹೆಚ್ಚು ಬೆಲೆ ಬಾಳುವ ತಳಿ ಸಾಯುತ್ತಿದೆ. ಕಡಿಮೆ ಬೆಲೆಯದು ಉಳಿದಿದೆ. ಅಷ್ಟರಲ್ಲಿ ಆ ನೀರಿಗೇ ಗಾಳಿಪಟದವರೂ ರೆಕ್ಕೆಯವರೂ ಬಂದಿದ್ದಾರೆ. ಗೂಟದ ಸಾಲಿನ ಮೇಲೆ ಹರಿತವಾದ ಫಾಯಿಲ್ ಹಾದುಹೋದರೆ ವಾರಗಟ್ಟಲೆಯ ದುಡಿಮೆ ಒಂದು ಕ್ಷಣದಲ್ಲಿ ಕಡಿದುಹೋಗುತ್ತದೆ.

ಪ್ರವಾಸಿಗಳಿಂದ ಆ ಹಳ್ಳಿಗಳಿಗೆ ಹಣ ಬರುತ್ತದೆ, ನಿಜ. ಹೋಟೆಲುಗಳಲ್ಲಿ ಕೆಲಸ ಸಿಕ್ಕುತ್ತದೆ. ಅಲ್ಲಿಯ ಹುಡುಗರೂ ಆಟ ಕಲಿತು ಕಲಿಸುವವರಾಗಿದ್ದಾರೆ. ಅವರನ್ನು ಬರಬೇಡಿರೆನ್ನುವುದು ನ್ಯಾಯವಲ್ಲ. ಆದರೆ ಈ ದ್ವೀಪಕ್ಕೆ ಗಾಳಿಯ ಬೆನ್ನೇರಿ ಬಂದವರಲ್ಲಿ ಎಲ್ಲರೂ ಒಂದೇ ಬಗೆಯವರಾಗಿರಲಿಲ್ಲ ಎಂಬುದನ್ನು ಮೇಲೆ ಕಂಡೆವು. ಕೆಲವರು ಕಾದು ಕುಳಿತು, ಅಲ್ಲಿಯ ಮಾತು ಕಲಿತು, ನೆಂಟರಾದರು. ಕೆಲವರು ಸಿಕ್ಕಿದ್ದನ್ನೆಲ್ಲ, ಮನುಷ್ಯರನ್ನು ಕೂಡ, ಹೇರಿಕೊಂಡು ಹೋದರು. ಮೊದಲನೆಯವರು ನಾಲ್ಕನೆಯ ಪ್ರಶ್ನೆಯನ್ನು ಕೇಳಿದರು, ಎರಡನೆಯವರು ಕೇಳಲಿಲ್ಲ. ಇಂದಿನ ಪ್ರವಾಸಿಗೂ ಅದೇ ಆಯ್ಕೆ ಇದೆ. ನೀರಿಗಿಳಿಯುವ ಮುನ್ನ ಗೂಟಗಳ ಸಾಲು ಎಲ್ಲಿದೆಯೆಂದು ಊರವರನ್ನು ಕೇಳುವುದಕ್ಕೆ ಐದು ನಿಮಿಷವೂ ಬೇಡ. ಉಬ್ಬರದ ಹೊತ್ತು ಆಟಕ್ಕೆ, ಇಳಿತದ ಹೊತ್ತು ಬೇಸಾಯಕ್ಕೆ ಎಂದು ಹಂಚಿಕೊಳ್ಳುವುದಕ್ಕೂ ಎಡೆಯಿದೆ; ಫಾಯಿಲಿಗೆ ಆಳದ ನೀರು ಬೇಕು, ಹೆಂಗಸರಿಗೆ ಕಡಿಮೆ ನೀರು ಬೇಕು. ಆದರೂ ಉಬ್ಬರದಲ್ಲಿ ಗೂಟಗಳು ನೀರಿನಡಿ ಮರೆಯಾಗಿರುತ್ತವೆ, ಕೇಳದವನಿಗೆ ಕಾಣುವುದಿಲ್ಲ.

ಕೊನೆಗೆ ಇನ್ನೊಂದು ಮಾತು. ಕುಸಿ ಗಾಳಿ ಜಾಂಜಿಬಾರಿನಲ್ಲಿಯೇ ನಿಲ್ಲುವುದಿಲ್ಲ. ದಕ್ಷಿಣ ಗೋಲಾರ್ಧದ ಆಗ್ನೇಯ ಮಾರುತ ಆಫ್ರಿಕದ ತೀರದ ಬಳಿ ಭೂಮಧ್ಯರೇಖೆಯನ್ನು ದಾಟಿ, ಭೂಮಿ ತಿರುಗುವ ಕಾರಣದಿಂದ ಬಲಕ್ಕೆ ಹೊರಳಿ, ಅರಬ್ಬೀ ಸಮುದ್ರದ ಮೇಲೆ ನೈಋತ್ಯ ಮಾರುತವಾಗುತ್ತದೆ. ಫಿಂಡ್ಲೇಟರ್ ಎಂಬ ಹವಾಮಾನ ವಿಜ್ಞಾನಿ 1969ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಮಹಾಪ್ರವಾಹದ ಹಾದಿಯನ್ನು ಗುರುತಿಸಿದ. ನಾವು ಮುಂಗಾರು ಎಂದು ಕರೆಯುವುದು ಇದನ್ನೇ. ಜುಲೈ ತಿಂಗಳ ಒಂದು ಸಂಜೆ ಆಕಾಶವಾಣಿಯಲ್ಲಿ ಕರಾವಳಿಗೆ ಬಿರುಸಾದ ಗಾಳಿ, ಘಟ್ಟದಲ್ಲಿ ಭಾರಿ ಮಳೆ ಎಂದು ಕೇಳುವಾಗ, ಆ ಗಾಳಿಯ ಹಿಂದಿನ ಹೊರಳುಗಳಲ್ಲೊಂದು ಪಾಜೆಯ ತಿಳಿನೀರಿನ ಬಳಿ ಇತ್ತೆಂದು ನೆನೆಯಬಹುದು. ಅಲ್ಲಿ ಒಬ್ಬನ ರೆಕ್ಕೆಯನ್ನು ತುಂಬಿದ ಗಾಳಿಗಳ ಬಳಗವೇ ಇಲ್ಲಿ ಆಗುಂಬೆಯ ಕಾಡನ್ನು ತೋಯಿಸುತ್ತದೆ, ನಮ್ಮ ಕೆರೆ ತುಂಬುತ್ತದೆ, ಗದ್ದೆಗೆ ನೀರಾಗುತ್ತದೆ.